ಶುದ್ಧ ಮಣ್ಣೆಂದರೆ ಎಷ್ಟು ಶುದ್ಧ?

(ಬಳಗದ ಮಳೆಗಾಲಪೂರ್ವ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹೊಳೆಗೆ ವಿಷ ಸೇರಿದರೆ ಮೀನು ಸತ್ತು ತೇಲುತ್ತವೆ. ಗಾಳಿಗೆ ಸೇರಿದರೆ ಕಣ್ಣುರಿ, ಕೆಮ್ಮು ಕಾಣಿಸಿಕೊಳ್ಳುತ್ತವೆ. ಮಣ್ಣಿಗೆ ಸೇರಿದ ವಿಷ ಹೀಗೆ ಕೂಗಿ ಹೇಳುವುದಿಲ್ಲ. ಅದರ ಮೇಲೆ ಹುಲ್ಲು ಹಸಿರಾಗಿಯೇ ಬೆಳೆಯುತ್ತದೆ, ದನಗಳು ಮೇಯುತ್ತವೆ, ಬಾವಿಯ ನೀರು ಹಲವು ವರ್ಷ ತಿಳಿಯಾಗಿಯೇ ಇರುತ್ತದೆ. ಹೀಗಾಗಿ ಭಾರತದ ಪರಿಸರ ಹೋರಾಟಗಳ ಚರಿತ್ರೆಯಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿಸಿದ ಕಥೆಗಳು ಅನೇಕ. ಮುಚ್ಚಿದ ಕಾರ್ಖಾನೆಯ ಅಡಿಯ ಮಣ್ಣು ಮುಂದೇನಾಯಿತೆಂಬ ಕಥೆಗಳು ವಿರಳ. ಬಾಗಿಲು ಮುಚ್ಚಿದ ಮಾರನೆಯ ದಿನ ಪತ್ರಿಕೆಯವರು ಹೊರಟುಹೋಗುತ್ತಾರೆ. ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳ ವ್ಯವಹಾರವೆಲ್ಲ ಕಡತಗಳಲ್ಲಿ, ಪ್ರಯೋಗಾಲಯದ ಕೋಷ್ಟಕಗಳಲ್ಲಿ ನಡೆಯುತ್ತದೆ.

ಇಂದಿನ ಮಾತು ಆ ಇಪ್ಪತ್ತು ವರ್ಷಗಳನ್ನು ಕುರಿತದ್ದು. ಉದಾಹರಣೆಗೆ ಆರಿಸಿಕೊಂಡ ಊರು ಕೊಡೈಕನಾಲ್. ಕಾರಣ ಸರಳ. ಅದು ಬಯಲಿನ ಕೈಗಾರಿಕಾ ವಸಾಹತಲ್ಲ. ಪಶ್ಚಿಮ ಘಟ್ಟದಿಂದ ಪೂರ್ವಕ್ಕೆ ಚಾಚಿಕೊಂಡ ಪಳನಿ ಬೆಟ್ಟಸಾಲಿನ ಮೇಲೆ, ಶೋಲಾ ಕಾಡಿನ ಅಂಚಿನಲ್ಲಿರುವ ಗುಡ್ಡದ ಊರು. ಅಲ್ಲಿನ ಇಳಿಜಾರು, ಅಲ್ಲಿನ ಮಳೆ, ಎಲೆಗೊಬ್ಬರ ತುಂಬಿದ ಅಲ್ಲಿನ ಕಪ್ಪು ಮೇಲ್ಮಣ್ಣು ಮಲೆನಾಡಿನವರಿಗೆ ಹೊಸತೇನಲ್ಲ.

ಜ್ವರಮಾಪಕದ ಕಾರ್ಖಾನೆ

1983ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್ ಎಂಬಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆಯೊಂದರ ಯಂತ್ರಗಳನ್ನು ಕೊಡೈಕನಾಲ್‌ಗೆ ತರಲಾಯಿತು. ಸ್ಥಾಪಿಸಿದ್ದು ಚೀಸ್‌ಬರೋ-ಪಾಂಡ್ಸ್ ಸಮೂಹ. 1987ರಲ್ಲಿ ಯೂನಿಲಿವರ್ ಆ ಸಮೂಹವನ್ನು ಜಾಗತಿಕವಾಗಿ ಕೊಂಡುಕೊಂಡಿತು. ಹಾಗೆ ಈ ಕಾರ್ಖಾನೆಯೂ ಮುಂದೆ ಹಿಂದೂಸ್ತಾನ್ ಲಿವರ್ ಕಂಪನಿಯ ಪಾಲಿಗೆ ಬಂತು. ಪಾದರಸ ಅಮೆರಿಕದಿಂದ ಬರುತ್ತಿತ್ತು, ಗಾಜು ಅಲ್ಲಿಂದಲೇ ಬರುತ್ತಿತ್ತು. ತಯಾರಾದ ಜ್ವರಮಾಪಕಗಳು ಪರದೇಶಕ್ಕೇ ಹೋಗುತ್ತಿದ್ದವು. ಗುಡ್ಡದ ಮೇಲೆ ಉಳಿಯುತ್ತಿದ್ದದ್ದು ಕೂಲಿ, ಒಡೆದ ಗಾಜು ಮತ್ತು ಚೆಲ್ಲಿದ ಪಾದರಸ.

2001ರ ಮಾರ್ಚ್ ತಿಂಗಳಿನಲ್ಲಿ ಊರಿನ ಮೂಂಜಿಕ್ಕಲ್ ಭಾಗದ ಗುಜರಿ ಅಂಗಡಿಯೊಂದರಲ್ಲಿ ಪಾದರಸದ ಅಂಶವಿದ್ದ ಒಡಕು ಗಾಜು ಟನ್‌ಗಟ್ಟಲೆ ಪತ್ತೆಯಾಯಿತು. ಸ್ಥಳೀಯರು, ಮಾಜಿ ಕಾರ್ಮಿಕರು ಮತ್ತು ಗ್ರೀನ್‌ಪೀಸ್ ಸಂಸ್ಥೆಯವರು ಅದನ್ನು ಬಯಲಿಗೆಳೆದರು. ನಿಯಮ ಮೀರಿ ಗಾಜು ಗುಜರಿಗೆ ಹೋದದ್ದನ್ನು ಕಂಪನಿ ಒಪ್ಪಿಕೊಂಡಿತು, ಉತ್ಪಾದನೆ ಅದೇ ತಿಂಗಳು ನಿಂತಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ಹಿಂದಿರುಗಿಸಲಾಯಿತು. ಬಡ ದೇಶಗಳಿಂದ ಶ್ರೀಮಂತ ದೇಶಕ್ಕೆ ವಿಷದ ಹೊರೆ ಮರಳಿದ ನಿದರ್ಶನಗಳು ಹೆಚ್ಚಿಲ್ಲ. ಆ ದೃಷ್ಟಿಯಿಂದ ಇದು ದೊಡ್ಡ ಗೆಲುವು.

ಮಾಜಿ ಕಾರ್ಮಿಕರ ಆರೋಗ್ಯದ ಪ್ರಶ್ನೆ ಬೇರೆಯೇ ದಾರಿ ಹಿಡಿಯಿತು. ಕಾರ್ಮಿಕರು ಮೂತ್ರಪಿಂಡ, ನರಮಂಡಲದ ತೊಂದರೆಗಳನ್ನು ಹೇಳಿಕೊಂಡರು. ತಾನು ಮಾಡಿಸಿದ ಅಧ್ಯಯನಗಳಲ್ಲಿ ಅಂಥ ಸಂಬಂಧ ಸಿದ್ಧವಾಗಿಲ್ಲವೆಂದು ಕಂಪನಿ ವಾದಿಸಿತು. 2015ರಲ್ಲಿ ಚೆನ್ನೈನ ಗಾಯಕಿ ಸೋಫಿಯಾ ಅಶ್ರಫ್ ಅವರ ಹಾಡೊಂದು ಲೋಕವೆಲ್ಲ ಹರಡಿದ ಮೇಲೆ, 2016ರ ಮಾರ್ಚ್‌ನಲ್ಲಿ 591 ಮಾಜಿ ಕಾರ್ಮಿಕರೊಂದಿಗೆ ಕಂಪನಿ ಒಪ್ಪಂದ ಮಾಡಿಕೊಂಡಿತು. ಹದಿನೈದು ವರ್ಷ. ಆಗಲೂ ಮಣ್ಣು ಇದ್ದಲ್ಲಿಯೇ ಇತ್ತು.

ಅಂಕೆಯ ಜಗಳ

ಮಣ್ಣಿನ ವಿಷಯದಲ್ಲಿ ನಡೆದ ಜಗಳವೆಲ್ಲ ಒಂದು ಅಂಕೆಯ ಸುತ್ತ. ಒಂದು ಕಿಲೋಗ್ರಾಂ ಮಣ್ಣಿನಲ್ಲಿ ಎಷ್ಟು ಮಿಲಿಗ್ರಾಂ ಪಾದರಸ ಉಳಿದರೆ ಆ ಮಣ್ಣನ್ನು ಶುದ್ಧವೆಂದು ಕರೆಯಬಹುದು? ಕೊಡೈಕನಾಲ್‌ನ ಆವರಣಕ್ಕೆ ಅಧಿಕೃತವಾಗಿ ನಿಂತದ್ದು 20 ಮಿಲಿಗ್ರಾಂ. ವಸತಿ ಪ್ರದೇಶಕ್ಕೆ ಇದು ಸಾಕೆಂಬುದು ಕಂಪನಿಯ ಮತ್ತು ಅದಕ್ಕೆ ಒಪ್ಪಿಗೆಯಿತ್ತ ಮಂಡಳಿಯ ನಿಲುವು. ಕಾಡಿನ ಅಂಚಿನಲ್ಲಿರುವ ಗುಡ್ಡಕ್ಕೆ ಇದು ಏನೇನೂ ಸಾಲದೆಂಬುದು ಕೊಡೈಕನಾಲ್‌ನ ಪರಿಸರವಾದಿಗಳ ವಾದ. ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಈ ಅಂಕೆ ಎಷ್ಟು ದೊಡ್ಡದು, ಎಷ್ಟು ಸಣ್ಣದು ಎಂಬುದನ್ನು ಅಂದಾಜು ಮಾಡಿಕೊಳ್ಳುವುದು ಒಳಿತು. ಮನೆಯಲ್ಲಿರುತ್ತಿದ್ದ ಹಳೆಯ ಜ್ವರಮಾಪಕವೊಂದರಲ್ಲಿ ಸುಮಾರು ಒಂದು ಗ್ರಾಂ ಪಾದರಸವಿರುತ್ತದೆ. ಅದನ್ನು ಒಂದು ಗೊಬ್ಬರದ ಚೀಲದಷ್ಟು, ಅಂದರೆ 50 ಕಿಲೋ ಮಣ್ಣಿನಲ್ಲಿ ಸಮನಾಗಿ ಬೆರೆಸಿದರೆ ಕಿಲೋಗೆ 20 ಮಿಲಿಗ್ರಾಂ ಆಗುತ್ತದೆ. ಮಾಲಿನ್ಯವಿಲ್ಲದ ಮಣ್ಣಿನಲ್ಲಿ ಸಹಜವಾಗಿ ಇರುವ ಪಾದರಸವಾದರೋ ಸಾಮಾನ್ಯವಾಗಿ ಒಂದು ಮಿಲಿಗ್ರಾಂನ ಹತ್ತನೆಯ ಒಂದು ಭಾಗದ ಆಸುಪಾಸು. ಕೆನಡಾ ದೇಶದ ಮಣ್ಣಿನ ಮಾರ್ಗಸೂಚಿಯಲ್ಲಿ ಕೃಷಿಭೂಮಿಗೂ ವಸತಿಗೂ 6.6, ವಾಣಿಜ್ಯ ಪ್ರದೇಶಕ್ಕೆ 24, ಕೈಗಾರಿಕಾ ಪ್ರದೇಶಕ್ಕೆ 50 ಎಂದು ನಾಲ್ಕು ಬಗೆಯ ಭೂಮಿಗೆ ಮೂರು ಅಂಕೆಗಳಿವೆ. ವಿಷ ಒಂದೇ, ಆದರೆ ಆ ನೆಲದ ಮೇಲೆ ಯಾರು ಬದುಕುತ್ತಾರೆ, ಏನು ಬೆಳೆಯುತ್ತಾರೆ ಎಂಬುದರ ಮೇಲೆ ಅಂಕೆ ಬದಲಾಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ವಿಜ್ಞಾನದ ಪದ್ಧತಿಯೇ ಹಾಗೆ. ಮಗುವೊಂದು ಆ ಅಂಗಳದಲ್ಲಿ ಆಡಿದರೆ ದಿನಕ್ಕೆ ಎಷ್ಟು ಮಣ್ಣು ಬಾಯಿಗೆ ಹೋಗಬಹುದು, ಎಷ್ಟು ಧೂಳು ಉಸಿರಿಗೆ ಸೇರಬಹುದು, ಎಷ್ಟು ವರ್ಷ ಅಲ್ಲಿ ವಾಸಿಸಬಹುದು ಎಂದು ಲೆಕ್ಕಹಾಕಿ ಹಿಂದಕ್ಕೆ ಬಂದರೆ ಒಂದು ಅಂಕೆ ದೊರೆಯುತ್ತದೆ.

ತೊಡಕಿರುವುದು ಇಲ್ಲಿಯೇ. ಈ ಲೆಕ್ಕದ ಮಗು ಆ ಅಂಗಳದಲ್ಲಿ ನಿಂತಿದೆ. ಗುಡ್ಡದ ಮಣ್ಣು ಅಂಗಳದಲ್ಲಿ ನಿಲ್ಲುವುದಿಲ್ಲ.

ಪಾದರಸದ ಸ್ವಭಾವವನ್ನು ತಿಳಿದರೆ ಇದು ಸ್ಪಷ್ಟವಾಗುತ್ತದೆ. ನೀರಿಗಿಂತ ಹದಿಮೂರೂವರೆ ಪಟ್ಟು ಭಾರವಾದ ಈ ದ್ರವಲೋಹ ಚೆಲ್ಲಿದೊಡನೆ ಸಣ್ಣ ಗುಂಡುಗಳಾಗಿ ಬಿರುಕುಗಳಲ್ಲಿ ಇಳಿದುಬಿಡುತ್ತದೆ. ಸಾಮಾನ್ಯ ಉಷ್ಣತೆಯಲ್ಲಿಯೇ ಆವಿಯಾಗುತ್ತದೆ. ಆವಿಯಾದದ್ದು ತಣ್ಣನೆಯ ಗಾಳಿಯಲ್ಲಿ ಸಾಗಿ ಎಲೆಗಳ ಮೇಲೆ, ಹಾವಸೆಯ ಮೇಲೆ, ಕಲ್ಲುಹೂವಿನ ಮೇಲೆ ಕೂರುತ್ತದೆ. ಎಲೆ ಉದುರಿದಾಗ ಮಣ್ಣಿಗೆ ಬರುತ್ತದೆ. ಮಣ್ಣಿನಲ್ಲಿ ಅದಕ್ಕೆ ಅತ್ಯಂತ ಪ್ರಿಯವಾದದ್ದು ಸಾವಯವ ಪದಾರ್ಥ, ಅದರಲ್ಲೂ ಗಂಧಕವನ್ನು ಹೊಂದಿದ ಅಂಶ. ಶೋಲಾದ ಕಪ್ಪು ಮಣ್ಣು ಇಂಥ ಪದಾರ್ಥದ ಕಣಜ. ಆದ್ದರಿಂದ ಪಾದರಸ ಅಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಸುಲಭವಾಗಿ ನೀರಿನಲ್ಲಿ ಕರಗಿ ಆಳಕ್ಕೆ ಇಳಿಯುವುದಿಲ್ಲ. ‘ಪಾದರಸ ಮಣ್ಣಿಗೆ ಅಂಟಿಕೊಂಡಿದೆ, ಅಂತರ್ಜಲಕ್ಕೆ ಅಪಾಯವಿಲ್ಲ’ ಎಂಬ ಮಾತು ಈ ಅರ್ಥದಲ್ಲಿ ಸುಳ್ಳಲ್ಲ. ಆದರೆ ಮಳೆಗೆ ಮೊದಲು ಕೊಚ್ಚಿಹೋಗುವುದು ಯಾವುದು? ಅದೇ ಹಗುರವಾದ ಸಾವಯವ ಪದಾರ್ಥ ಮತ್ತು ಅದೇ ನುಣ್ಣನೆಯ ಜೇಡಿ. ಕರಗದ ವಿಷವೂ ತಾನು ಕುಳಿತ ಕಣದೊಂದಿಗೆ ಸವಾರಿ ಹೊರಡುತ್ತದೆ. ಮಡಿಕೇರಿಯಲ್ಲೋ ಆಗುಂಬೆಯಲ್ಲೋ ಆಷಾಢದ ಮಳೆಗೆ ಕೆಂಪಾಗಿ ಹರಿಯುವ ಹಳ್ಳವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೊಡೈಕನಾಲ್‌ನ ಕಾರ್ಖಾನೆಯ ಕೆಳಗೆ ಇರುವುದು ಪಾಂಬಾರ್ ಶೋಲಾ. ಅಲ್ಲಿಂದ ಹೊರಡುವ ನೀರು ಕುಂಬಕ್ಕರೈ ಜಲಪಾತದ ಕಡೆಗೆ ಇಳಿದು ವೈಗೈ ನದಿಯ ಜಲಾನಯನಕ್ಕೆ ಸೇರುತ್ತದೆ. ಹೊಳೆಯ ತಳದ ಹೂಳಿನಲ್ಲಿ, ಆಮ್ಲಜನಕವಿಲ್ಲದ ಕೆಸರಿನಲ್ಲಿ, ಕೆಲವು ಬ್ಯಾಕ್ಟೀರಿಯಾಗಳು ಪಾದರಸವನ್ನು ಮಿಥೈಲ್ ಪಾದರಸವನ್ನಾಗಿ ಮಾರ್ಪಡಿಸುತ್ತವೆ. ಅಲ್ಲಿಂದ ಅದು ಪಾಚಿಗೆ, ಹುಳುವಿಗೆ, ಸಣ್ಣ ಮೀನಿಗೆ, ದೊಡ್ಡ ಮೀನಿಗೆ ಏರುತ್ತ ಪ್ರತಿ ಮೆಟ್ಟಿಲಿನಲ್ಲೂ ಸಾಂದ್ರವಾಗುತ್ತ ಹೋಗುತ್ತದೆ. ಅಣುಶಕ್ತಿ ಇಲಾಖೆಗೆ ಸೇರಿದ ಹೈದರಾಬಾದಿನ ಪ್ರಯೋಗಾಲಯದ ವಿಜ್ಞಾನಿಗಳು ಕೊಡೈಕನಾಲ್ ಕೆರೆಯ ನೀರು, ಹೂಳು ಮತ್ತು ಮೀನುಗಳಲ್ಲಿ ಪಾದರಸವನ್ನು ಗುರುತಿಸಿ 2006ರಲ್ಲಿ ಪ್ರಕಟಿಸಿದರು. ಅಂದರೆ ವಿಷ ಆವರಣದ ಬೇಲಿಯೊಳಗೆ ಉಳಿದಿರಲಿಲ್ಲ. ಬೇಲಿಯೊಳಗಿನ ಮಣ್ಣಿಗೆ ವಸತಿಯ ಅಂಕೆ ಹಾಕಿ, ಬೇಲಿಯಾಚೆಯ ಮೀನಿಗೆ ಯಾವ ಅಂಕೆಯನ್ನೂ ಹಾಕದಿದ್ದರೆ ಅದನ್ನು ಅರ್ಧ ಲೆಕ್ಕವೆಂದೇ ಕರೆಯಬೇಕು. ಬಯಲಿನಲ್ಲಿ ಮಣ್ಣಿನ ಮಿತಿಯನ್ನು ಆ ಮಣ್ಣಿನ ಮೇಲೆ ನಿಲ್ಲುವವರನ್ನು ನೋಡಿ ನಿಗದಿಪಡಿಸಬಹುದು. ಬೆಟ್ಟದಲ್ಲಿ ಅದನ್ನು ಕೆಳಗಿನ ಹಳ್ಳದ ಹೂಳನ್ನು ನೋಡಿ ನಿಗದಿಪಡಿಸಬೇಕು.

ಇನ್ನು ಶುದ್ಧೀಕರಣದ ವಿಧಾನ. ಇಲ್ಲಿಗೆ ಯೋಜಿಸಿದ್ದು ಮಣ್ಣು ತೊಳೆಯುವ ಕ್ರಮ. ಮಣ್ಣನ್ನು ಅಗೆದು, ಜರಡಿ ಹಿಡಿದು, ನೀರಿನಿಂದ ತೊಳೆದಾಗ ಮರಳು ಮತ್ತು ಕಲ್ಲು ಒಂದು ಕಡೆ, ವಿಷವನ್ನು ಹಿಡಿದಿಟ್ಟ ನುಣ್ಣನೆಯ ಭಾಗ ಇನ್ನೊಂದು ಕಡೆ ಬರುತ್ತವೆ. ನುಣ್ಣನೆಯ ಭಾಗವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಪಾದರಸ ಆವಿಯಾಗುತ್ತದೆ. ಆ ಆವಿಯನ್ನು ತಂಪಿಸಿ ಮತ್ತೆ ದ್ರವವಾಗಿ ಹಿಡಿಯಲಾಗುತ್ತದೆ. 2017ರಲ್ಲಿ ಇದರ ಪ್ರಾಯೋಗಿಕ ಹಂತಕ್ಕೆ ಅನುಮತಿ ದೊರೆಯಿತು. ತಂತ್ರಜ್ಞಾನ ಚೆನ್ನಾಗಿದೆ, ಸಂದೇಹವಿಲ್ಲ. ಆದರೆ ಕಾಯಿಸಿದ ಮಣ್ಣು ಮಣ್ಣಾಗಿ ಉಳಿಯುವುದೇ ಎಂದು ಕೃಷಿ ವಿಜ್ಞಾನ ಕೇಳಬೇಕಾಗುತ್ತದೆ. ಸಾವಯವ ಪದಾರ್ಥ ಸುಟ್ಟುಹೋದ, ಜೇಡಿ ತೊಳೆದುಹೋದ, ಎರೆಹುಳು, ಶಿಲೀಂಧ್ರ, ಬ್ಯಾಕ್ಟೀರಿಯಾ ಯಾವುದೂ ಇಲ್ಲದ ಆ ವಸ್ತು ಒಂದು ಬಗೆಯ ಖನಿಜದ ಪುಡಿ. ಅದನ್ನು ಮರಳಿ ಹರಡಿ ಹುಲ್ಲು ಬೆಳೆಸಬಹುದು, ಶೋಲಾ ಬೆಳೆಸಲಾಗದು. ಜೊತೆಗೆ ಅಗೆಯುವುದೆಂದರೆ ಮರಗಳ ಬೇರನ್ನೂ ಅಗೆದಂತೆ. ಮರ ಕಡಿದರೆ ಇಳಿಜಾರು ಬರಿದಾಗುತ್ತದೆ, ಬರಿದಾದ ಇಳಿಜಾರಿನಿಂದ ಮಳೆಯಲ್ಲಿ ಇನ್ನಷ್ಟು ಮಣ್ಣು ಹಳ್ಳಕ್ಕೆ ಹೋಗುತ್ತದೆ. ‘ಪೂರ್ತಿ ತೆಗೆಯಿರಿ’ ಎಂಬ ಬೇಡಿಕೆಯಲ್ಲಿಯೂ ಹೀಗೆ ಒಂದು ಅಪಾಯ ಅಡಗಿದೆ; ಹೋರಾಟಗಾರರು ಇದನ್ನು ಕೇಳಲು ಇಷ್ಟಪಡುವುದಿಲ್ಲ. ಕೊಡೈಕನಾಲ್‌ನ ವಾದಗಳಲ್ಲಿ ಎರಡೂ ಕಡೆಯವರು ಮರಗಳ ಹೆಸರು ಹೇಳಿದ್ದಾರೆ, ಅವರವರ ಅನುಕೂಲಕ್ಕೆ.

ಪಾದರಸದ ವಿಷಬಾಧೆಗೆ ಜಗತ್ತಿನಲ್ಲಿ ಹೆಸರಾದ ಊರು ಜಪಾನಿನ ಮಿನಾಮಾಟಾ. 1956ರಲ್ಲಿ ರೋಗ ಅಧಿಕೃತವಾಗಿ ಗುರುತಿಸಲ್ಪಟ್ಟಿತು. ಕೊಲ್ಲಿಯ ಕೆಸರನ್ನು ಶುದ್ಧಗೊಳಿಸುವ ಕೆಲಸ ನಡೆದದ್ದು 1977ರಿಂದ 1990ರವರೆಗೆ. ಅಲ್ಲಿ ಇಟ್ಟುಕೊಂಡ ಮಿತಿ ಕಿಲೋಗೆ 25 ಮಿಲಿಗ್ರಾಂ. ಅದನ್ನು ಮೀರಿದ ಸುಮಾರು 15 ಲಕ್ಷ ಘನ ಮೀಟರ್ ಕೆಸರನ್ನು ನಿರ್ವಹಿಸಿ, ಕೊಲ್ಲಿಯ ಒಂದು ಭಾಗವನ್ನೇ ತುಂಬಿ, 58 ಹೆಕ್ಟೇರು ಹೊಸ ನೆಲ ಮಾಡಿದರು. ಈಗ ಅದರ ಮೇಲೆ ಉದ್ಯಾನವಿದೆ. ಕೆಸರು ಎಲ್ಲಿಯೂ ಹೋಗಿಲ್ಲ, ಉದ್ಯಾನದ ಅಡಿಯಲ್ಲಿಯೇ ಇದೆ. ಪಾದರಸ ಒಂದು ಮೂಲಧಾತು. ಸುಟ್ಟರೂ ಕೊಳೆಸಿದರೂ ಇಲ್ಲವಾಗುವುದಿಲ್ಲ. ಹಾಗಾಗಿ ಲೋಹದ ಮಾಲಿನ್ಯದಲ್ಲಿ ‘ಶುದ್ಧೀಕರಣ’ವೆಂದರೆ ಸ್ಥಳಾಂತರ ಅಥವಾ ಬಂಧನ. ಎಲ್ಲಿಗೆ ಸ್ಥಳಾಂತರ, ಯಾರ ಕಾವಲಿನಲ್ಲಿ ಬಂಧನ, ಎಷ್ಟು ಕಾಲ ಎಂಬುದನ್ನು ಯೋಜನಾ ವರದಿಯಲ್ಲಿ ಹುಡುಕಬೇಕು.

ನೀರು ಸೇರಿದ ಮೇಲೆ

ಪಾದರಸವಾದರೂ ಮಣ್ಣಿಗೆ ಅಂಟಿಕೊಳ್ಳುವ ಜಾತಿ. ನೀರಿನಲ್ಲಿ ಕರಗುವ ವಿಷಗಳ ಕಥೆ ಇನ್ನೂ ಕಷ್ಟದ್ದು. ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛ್ರಿ ಗ್ರಾಮವನ್ನು ಕಾನೂನಿನ ವಿದ್ಯಾರ್ಥಿಗಳೆಲ್ಲ ಬಲ್ಲರು, ಮಣ್ಣಿನ ವಿದ್ಯಾರ್ಥಿಗಳು ಬಲ್ಲದ್ದು ಕಡಿಮೆ. 1987ರ ಸುಮಾರಿಗೆ ಅಲ್ಲಿ ರಫ್ತಿಗಾಗಿ ‘ಎಚ್ ಆಮ್ಲ’ವೆಂಬ ಬಣ್ಣದ ಕಚ್ಚಾವಸ್ತುವನ್ನು ತಯಾರಿಸಲಾರಂಭಿಸಿದರು. ತಯಾರಾದ ಆಮ್ಲ ಸುಮಾರು 375 ಟನ್. ಅದರಿಂದ ಉಳಿದ ಕೆಸರು ಸುಮಾರು 2,440 ಟನ್. ಕೆಸರನ್ನು ಬಯಲಿನಲ್ಲಿ ರಾಶಿ ಹಾಕಿದರು. ಮಳೆ ಬಂತು. ಕೆಲವೇ ವರ್ಷಗಳಲ್ಲಿ ಸುತ್ತಲಿನ ಸುಮಾರು 60 ಬಾವಿಗಳ ನೀರು ಬಣ್ಣ ತಿರುಗಿತು, ಸುಮಾರು 350 ಹೆಕ್ಟೇರು ಭೂಮಿ ಬಾಧಿತವಾಯಿತು. ಕಾರ್ಖಾನೆ ಆಮ್ಲ ತಯಾರಿಸಿದ ಅವಧಿ ಎರಡು ವರ್ಷವೂ ಸರಿಯಾಗಿ ಇರಲಿಲ್ಲ.

1996ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ‘ಮಾಲಿನ್ಯ ಮಾಡಿದವನೇ ತೆರಬೇಕು’ ಎಂಬ ತತ್ವವನ್ನು ಈ ಪ್ರಕರಣದಲ್ಲಿಯೇ ಎತ್ತಿಹಿಡಿಯಿತು. ಪರಿಹಾರ ಕಾರ್ಯಕ್ಕೆಂದು ಲೆಕ್ಕಹಾಕಿದ ಮೊತ್ತ 37.385 ಕೋಟಿ ರೂಪಾಯಿ. ತೀರ್ಪು ಬಂದು ಹದಿನೈದು ವರ್ಷ ಕಳೆದ ಮೇಲೂ ಹಣ ಬಂದಿರಲಿಲ್ಲ. 2011ರಲ್ಲಿ ಅದೇ ನ್ಯಾಯಾಲಯ ಶೇಕಡ 12ರ ಚಕ್ರಬಡ್ಡಿ ಸೇರಿಸಿ ಕೊಡಬೇಕೆಂದು ಮತ್ತೆ ಆದೇಶಿಸಬೇಕಾಯಿತು. ಕಾನೂನಿನ ಪುಸ್ತಕಗಳಲ್ಲಿ ಬಿಛ್ರಿ ಒಂದು ಗೆಲುವು. ಬಾವಿಯ ಕಟ್ಟೆಯ ಮೇಲೆ ನಿಂತವನಿಗೆ ಹಾಗೆ ಕಾಣಲಾರದು.

ಅಂತರ್ಜಲವನ್ನು ತೊಳೆಯಲು ವಿಜ್ಞಾನದ ಬಳಿ ಇರುವ ಸಾಧನಗಳು ಹಲವು. ನೀರನ್ನು ಪಂಪ್ ಮಾಡಿ ಮೇಲೆತ್ತಿ ಶುದ್ಧಗೊಳಿಸಿ ಮತ್ತೆ ಇಳಿಸುವುದು ಹಳೆಯ ಕ್ರಮ. ಆರಂಭದ ವರ್ಷಗಳಲ್ಲಿ ನೀರು ಬೇಗ ಸುಧಾರಿಸುತ್ತದೆ, ಪಂಪ್ ನಿಲ್ಲಿಸಿದೊಡನೆ ವಿಷದ ಪ್ರಮಾಣ ಮತ್ತೆ ಏರುತ್ತದೆ. ಜೇಡಿಪದರದ ಸೂಕ್ಷ್ಮರಂಧ್ರಗಳಲ್ಲಿ ಸೇರಿಕೊಂಡ ವಿಷ ನಿಧಾನವಾಗಿ ಹೊರಗೆ ಜಿನುಗುವುದೇ ಇದಕ್ಕೆ ಕಾರಣ. ನೀರು ಹರಿಯುವ ದಾರಿಗೆ ಅಡ್ಡಲಾಗಿ ಕಂದಕ ತೋಡಿ ಕಬ್ಬಿಣದ ಪುಡಿ ತುಂಬುವ ಕ್ರಮವೂ ಇದೆ. ಕೆಲವು ದ್ರಾವಕಗಳಿಗೆ, ಕ್ರೋಮಿಯಂಗೆ ಅದು ಒಳ್ಳೆಯದು. ಆದರೆ ಮಲೆನಾಡಿನ ಅಡಿಯಲ್ಲಿರುವುದು ಬಹುಮಟ್ಟಿಗೆ ಬಿರುಕುಬಿಟ್ಟ ಗಟ್ಟಿಕಲ್ಲು. ನೀರು ಯಾವ ಬಿರುಕಿನಲ್ಲಿ ಹೊರಟು ಯಾರ ಸುರಂಗದಲ್ಲಿ ಬರುತ್ತದೆಂಬುದನ್ನು ಮೊದಲೇ ಹೇಳುವುದು ಬಲು ಕಷ್ಟ. ಕಂದಕ ತೋಡುವುದಾದರೂ ಎಲ್ಲಿ?

ಭೋಪಾಲದ ವಿಷಯದಲ್ಲಿ ಈಚೆಗೆ ಹರಡಿದ ಒಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ತಿದ್ದಬೇಕು. 2025ರ ಜನವರಿಯಲ್ಲಿ ಯೂನಿಯನ್ ಕಾರ್ಬೈಡ್ ಆವರಣದಲ್ಲಿದ್ದ 337 ಟನ್ ತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿ, ಅದೇ ವರ್ಷದ ನಡುವಿನ ಹೊತ್ತಿಗೆ ಸುಟ್ಟು ಮುಗಿಸಿದರು. ‘ಭೋಪಾಲ ಸ್ವಚ್ಛವಾಯಿತು’ ಎಂಬ ಧಾಟಿಯಲ್ಲಿ ಮಾತುಗಳು ಕೇಳಿಬಂದವು. ಆ 337 ಟನ್ ಮೊದಲೇ ಚೀಲಗಳಲ್ಲಿ ಕಟ್ಟಿಟ್ಟಿದ್ದ ತ್ಯಾಜ್ಯ. ಆವರಣದ ಮತ್ತು ಸುತ್ತಲಿನ ಕಲುಷಿತ ಮಣ್ಣಿನ ಪ್ರಮಾಣವನ್ನು ನಾಗಪುರದ ನೀರಿ ಸಂಸ್ಥೆ 2010ರ ವರದಿಯಲ್ಲಿ ಸುಮಾರು 11 ಲಕ್ಷ ಟನ್ ಎಂದು ಅಂದಾಜಿಸಿತ್ತು. ಎರಡು ಅಂಕೆಗಳನ್ನು ಅಕ್ಕಪಕ್ಕ ಬರೆದು ನೋಡಿದರೆ ಸಾಕು. ಸುತ್ತಲಿನ ಬಡಾವಣೆಗಳಿಗೆ ಬೇರೆ ಕಡೆಯಿಂದ ಕುಡಿಯುವ ನೀರು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿಯೇ ಹೇಳಿತ್ತೆಂದರೆ ಅಂತರ್ಜಲದ ಸ್ಥಿತಿ ಊಹಿಸಬಹುದು.

ಗಿಡಗಳಿಂದಲೇ ಮಣ್ಣು ಶುದ್ಧವಾಗುತ್ತದೆಂಬ ನಂಬಿಕೆ ಪರಿಸರಾಸಕ್ತರಲ್ಲಿ ಬಲವಾಗಿದೆ. ಲಾವಂಚ ನೆಟ್ಟರೆ ಎಲ್ಲವೂ ಸರಿಹೋಗುತ್ತದೆಂದು ಹೇಳುವವರಿದ್ದಾರೆ. ಟೆರಿಸ್ ವಿಟ್ಟಾಟ ಎಂಬ ಜರಿಗಿಡವೊಂದು ಆರ್ಸೆನಿಕ್ಕನ್ನು ಅಪಾರವಾಗಿ ಹೀರಿಕೊಳ್ಳುತ್ತದೆಂದು 2001ರಲ್ಲಿ ಪ್ರಕಟವಾದದ್ದು ನಿಜ. ಗೋಡೆಯ ಸಂದಿನಲ್ಲೂ ಬೆಳೆಯುವ ಆ ಜರಿ ಘಟ್ಟದವರಿಗೆ ಅಪರಿಚಿತವಲ್ಲ. ಆದರೆ ಒಂದು ಗಿಡ ಒಂದು ಧಾತುವಿಗೆ ಒದಗಿದರೆ ಇನ್ನೊಂದಕ್ಕೆ ಒದಗುವುದೆಂದಿಲ್ಲ, ಬೇರು ಇಳಿದಷ್ಟೇ ಆಳ ಅದರ ಶಕ್ತಿ, ಕತ್ತರಿಸಿದ ಸೊಪ್ಪೇ ಅಪಾಯಕಾರಿ ತ್ಯಾಜ್ಯವಾಗುತ್ತದೆ. ಆ ಸೊಪ್ಪನ್ನು ಕೊಟ್ಟಿಗೆಗೆ ಹಾಸಿದರೆ ಕಥೆ ಮತ್ತೆ ಮೊದಲಿನಿಂದ.

ಮಲೆನಾಡಿನ ಮಣ್ಣಿಗೆ ಬಂದರೆ

ಇಲ್ಲಿ ಥರ್ಮಾಮೀಟರ್ ಕಾರ್ಖಾನೆ ಇಲ್ಲ, ನಿಜ. ಆದರೆ ಪಾದರಸ ಬಂದಿಲ್ಲವೆನ್ನುವಂತಿಲ್ಲ. ಅಗಲ್ಲಾಲ್, ಸೆರೆಸಾನ್, ಎಮಿಸಾನ್ ಎಂಬ ಹೆಸರುಗಳನ್ನು ಹಿರಿಯ ರೈತರು ಮರೆತಿರಲಾರರು. ಇವೆಲ್ಲ ಪಾದರಸದ ಶಿಲೀಂಧ್ರನಾಶಕಗಳು. ಶುಂಠಿಯ ಬಿತ್ತನೆ ಗಡ್ಡೆಯನ್ನು ಇವುಗಳ ದ್ರಾವಣದಲ್ಲಿ ಅದ್ದಿ ನೆಡಬೇಕೆಂದು ಹಳೆಯ ಕೃಷಿ ಕೈಪಿಡಿಗಳೇ ಹೇಳುತ್ತಿದ್ದವು. ಮುಂದೆ ಎಮಿಸಾನ್ ಬಗೆಯ ಔಷಧಿಯನ್ನು ಆಲೂಗೆಡ್ಡೆ ಮತ್ತು ಕಬ್ಬಿನ ಬೀಜೋಪಚಾರಕ್ಕೆ ಮಾತ್ರ ಸೀಮಿತಗೊಳಿಸಿದರು. 2018ರ ಆಗಸ್ಟ್‌ನಲ್ಲಿ ಪೂರ್ಣ ನಿಷೇಧ ಬಂತು. ಅದ್ದಿ ಉಳಿದ ದ್ರಾವಣವನ್ನು ಪ್ರತಿವರ್ಷ ಎಲ್ಲಿ ಚೆಲ್ಲುತ್ತಿದ್ದರು? ಸಾಮಾನ್ಯವಾಗಿ ನೀರು ಸಿಗುವ ಕಡೆ, ಕೆರೆಯ ಏರಿಯ ಬಳಿ, ಒಂದೇ ಜಾಗದಲ್ಲಿ. ಅಂಥ ಜಾಗಗಳ ನೆನಪಿರುವವರು ಈಗ ಎಪ್ಪತ್ತು ದಾಟಿದ್ದಾರೆ. ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಬಳಗ ಮಾಡಬಹುದಾದ, ದುಡ್ಡು ಬೇಡದ ಕೆಲಸ.

ತಾಮ್ರದ ಲೆಕ್ಕ ಇನ್ನೂ ಹತ್ತಿರದ್ದು. ಕೊಳೆರೋಗಕ್ಕೆ ಬೋರ್ಡೋ ಹೊಡೆಯದ ಅಡಿಕೆ ತೋಟ ಅಪರೂಪ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು ಕಾಲು ಕಿಲೋ ತಾಮ್ರವಿದೆ. ಎಕರೆಗೆ ವರ್ಷಕ್ಕೆ ಹತ್ತು ಕಿಲೋ ಮೈಲುತುತ್ತ ಬಳಸಿದರೆ ಎರಡೂವರೆ ಕಿಲೋ ತಾಮ್ರ. ನಲವತ್ತು ವರ್ಷಕ್ಕೆ ನೂರು ಕಿಲೋ. ಎಕರೆಯ ಮೇಲಿನ ಹದಿನೈದು ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು ಒಂಬತ್ತು ಲಕ್ಷ ಕಿಲೋ. ತಾಮ್ರವೆಲ್ಲ ಅಲ್ಲೇ ಉಳಿದರೆ ಮಣ್ಣಿನ ಕಿಲೋಗೆ 110 ಮಿಲಿಗ್ರಾಂ ಆಸುಪಾಸು ಹೆಚ್ಚಳವಾಗುತ್ತದೆ. ಕೆನಡಾದವರು ಕೃಷಿಭೂಮಿಗೆ ಇಟ್ಟ ಅಂಕೆ 63. ಇದು ಕಾಗದದ ಲೆಕ್ಕ, ಎಲ್ಲ ತೋಟಕ್ಕೂ ಹೊಂದುವುದಿಲ್ಲ; ಮಳೆಗೆ ಕೊಚ್ಚಿಹೋದದ್ದು ಒಂದಷ್ಟಿರುತ್ತದೆ. ತಾಮ್ರ ಪಾದರಸದಷ್ಟು ಕ್ರೂರಿಯೂ ಅಲ್ಲ, ಗಿಡಕ್ಕೆ ಒಂದಿಷ್ಟು ಬೇಕೇ ಬೇಕು. ಆದರೆ ತೋಟದ ಮಣ್ಣನ್ನು ಅಗೆದು ತೊಳೆಯುವವರು ಯಾರೂ ಇಲ್ಲ. ಹುಳಿಮಣ್ಣಿಗೆ ಸುಣ್ಣ ಕೊಟ್ಟು, ಸೊಪ್ಪಿನ ಬೆಟ್ಟ ಉಳಿಸಿಕೊಂಡು, ಸೊಪ್ಪುಗೊಬ್ಬರ ಹಾಕಿ ತಾಮ್ರವನ್ನು ಮಣ್ಣಿನಲ್ಲಿಯೇ ಹಿಡಿದಿಡುವುದೊಂದೇ ದಾರಿ. ಸೊಪ್ಪಿನ ಬೆಟ್ಟ ಬರಿದಾದ ಕಡೆ ಈ ಬಂಧನ ಸಡಿಲವಾಗುತ್ತದೆ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆಂದು ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಅದಕ್ಕೂ ಮುಂಚೆ ಇಂಥ ಸ್ಥಳವನ್ನು ಗುರುತಿಸಿ ಶುದ್ಧಗೊಳಿಸಲು ಒಂದು ಕ್ರಮಬದ್ಧ ಕಾನೂನು ದೇಶದಲ್ಲಿ ಇರಲಿಲ್ಲ. ಬಿಛ್ರಿಯಾಗಲಿ ಕೊಡೈಕನಾಲ್ ಆಗಲಿ ನ್ಯಾಯಾಲಯದ ಬಾಗಿಲಲ್ಲೇ ಕಾಯಬೇಕಾದದ್ದು ಅದಕ್ಕಾಗಿ. ಹೊಸ ನಿಯಮದ ಪ್ರಕಾರ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ಸ್ಥಳಗಳ ವರದಿ ಸಿದ್ಧಪಡಿಸಬೇಕು, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ನಿಗದಿತ ಅವಧಿಯಲ್ಲಿ ಪ್ರಾಥಮಿಕ ತಪಾಸಣೆ ಮಾಡಿಸಬೇಕು, ಶುದ್ಧೀಕರಣದ ಖರ್ಚನ್ನು ಮಾಲಿನ್ಯ ಮಾಡಿದವರು ಭರಿಸಬೇಕು. ಗಣಿಗಾರಿಕೆಯಿಂದಾದ ಮಾಲಿನ್ಯ ಇದರ ನೇರ ವ್ಯಾಪ್ತಿಯ ಹೊರಗಿದೆ. ಕುದುರೆಮುಖವನ್ನು ಕಂಡ ಸೀಮೆಯವರಿಗೆ ಇದು ಸಣ್ಣ ಕೊರತೆಯಲ್ಲ. ಆದರೂ ಜಿಲ್ಲಾಡಳಿತದ ವರದಿಯಲ್ಲಿ ಒಂದು ಸ್ಥಳದ ಹೆಸರು ಸೇರಬೇಕಾದರೆ ಯಾರಾದರೂ ಆ ಸ್ಥಳವನ್ನು ತೋರಿಸಬೇಕು. ಅಲ್ಲಿ ಬಳಗಕ್ಕೆ ಕೆಲಸವಿದೆ.

ತೋರಿಸುವಾಗ ಮಣ್ಣಿನ ಮಾದರಿ ತೆಗೆಯುವ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಗೊಬ್ಬರದ ಶಿಫಾರಸಿಗಾಗಿ ಮಣ್ಣು ಪರೀಕ್ಷೆ ಮಾಡಿಸುವ ಕ್ರಮ ರೈತರಿಗೆಲ್ಲ ಅಭ್ಯಾಸವಾಗಿದೆ. ಹತ್ತು ಕಡೆ ಇಂಗ್ಲಿಷಿನ ವಿ ಆಕಾರದ ಗುಂಡಿ ತೆಗೆದು, ಮಣ್ಣನ್ನೆಲ್ಲ ಗೋಣಿಯ ಮೇಲೆ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡುತ್ತ ಬಂದು ಅರ್ಧ ಕಿಲೋ ಉಳಿಸಿಕೊಳ್ಳುವುದು, ನೆರಳಿನಲ್ಲಿ ಒಣಗಿಸುವುದು. ವಿಷದ ಪರೀಕ್ಷೆಗೆ ಇದು ಪೂರ್ತಿ ತಪ್ಪು. ಹತ್ತು ಗುಂಡಿಗಳಲ್ಲಿ ಒಂದರ ಮಣ್ಣಿನಲ್ಲಿ ಕಿಲೋಗೆ 150 ಮಿಲಿಗ್ರಾಂ ಪಾದರಸವಿದ್ದು ಉಳಿದ ಒಂಬತ್ತರಲ್ಲಿ ಒಂದೊಂದು ಮಿಲಿಗ್ರಾಂ ಇದ್ದರೆ ಬೆರೆಸಿದ ಮಾದರಿ 15.9 ಎಂದು ತೋರಿಸುತ್ತದೆ. ಮಿತಿ 20 ಇದ್ದಲ್ಲಿ ಆ ಜಾಗಕ್ಕೆ ಶುದ್ಧವೆಂಬ ಪ್ರಮಾಣಪತ್ರ ಬರುತ್ತದೆ. ಪ್ರತಿ ಗುಂಡಿಯದೂ ಬೇರೆ ಬೇರೆ ಇರಬೇಕು, ಆಳದ ಪದರಗಳೂ ಬೇರೆ ಇರಬೇಕು. ಪಾದರಸದ ಶಂಕೆಯಿದ್ದರೆ ಒಣಗಿಸಲೇಬಾರದು, ಒಣಗುವಾಗ ಆವಿಯಾಗಿ ಹೋಗುತ್ತದೆ. ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತುಂಬಿ ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಮಂಡಳಿಯವರು ತಪಾಸಣೆಗೆ ಬಂದಾಗಲೂ ಬೆರೆಸಿ ತೆಗೆಯುತ್ತಾರೋ ಬಿಡಿಯಾಗಿ ತೆಗೆಯುತ್ತಾರೋ ಎಂದು ಪಕ್ಕದಲ್ಲಿ ನಿಂತು ನೋಡಬೇಕು, ವರದಿಯಲ್ಲಿ ಅದನ್ನು ಬರೆಯುವಂತೆ ಕೇಳಬೇಕು.

ಮುಂಗಾರು ಹಿಡಿಯುವ ಮೊದಲು ಒಂದು ಸಲ, ಮಳೆ ಇಳಿದ ಮೇಲೆ ದೀಪಾವಳಿಯ ಹೊತ್ತಿಗೆ ಇನ್ನೊಂದು ಸಲ, ಶಂಕಿತ ಜಾಗದ ಕೆಳಗಿನ ಹಳ್ಳದಲ್ಲಿ ನೀರು ನಿಧಾನಗೊಳ್ಳುವ ತಿರುವಿನ ನುಣ್ಣನೆಯ ಹೂಳನ್ನು ತೆಗೆಯಬೇಕು. ಅದೇ ಹಳ್ಳದ ಮೇಲ್ಭಾಗದಲ್ಲಿ, ವಿಷ ತಲುಪಿರಲಾರದ ಕಡೆಯಿಂದಲೂ ಒಂದು ಬಾಟಲಿ ತುಂಬಿಸಬೇಕು, ಹೋಲಿಕೆಗೆ ಅದು ಬೇಕು. ಬಾಟಲಿಯ ಮೇಲೆ ಸ್ಥಳ, ಆಳ, ದಿನಾಂಕ, ತೆಗೆದವರ ಮತ್ತು ನೋಡಿದವರ ಸಹಿ ಇರಲಿ. ಪೆನ್ನಿನ ಶಾಯಿ ಒದ್ದೆಯಾದರೆ ಅಳಿಸುತ್ತದೆ, ಸೀಸದಕಡ್ಡಿಯಲ್ಲಿ ಬರೆಯುವುದು ಲೇಸು.